ಆರುವಾಗಿನ ಬಿರುಕು

ಹೈದರಾಬಾದಿಗೆ ನನಗೆ ವರ್ಗವಾದದ್ದು 1994ರಲ್ಲಿ. ಸಾಲದ ವಿಭಾಗ, ಬಾಲಾನಗರದ ಕಾರ್ಖಾನೆಗಳ ಕಡತ. ವೆಲ್ಡಿಂಗ್ ಎಂದರೆ ಆಗ ನನಗೆ ಗೊತ್ತಿದ್ದದ್ದು ಯಂತ್ರದ ಬೆಲೆ, ಮಾರ್ಜಿನ್, ಕಂತು, ಇಷ್ಟೇ. ಎಂಕಾಂ ಓದಿದವನಿಗೆ ಅಷ್ಟು ಸಾಕೆಂದುಕೊಂಡಿದ್ದೆ.

ನಿವೃತ್ತಿಯ ನಂತರ ಇಲ್ಲೇ ಉಳಿದೆ. ನಮ್ಮ ಮೇಲಿನ ಮಹಡಿಯಲ್ಲಿ ಮೈಸೂರು ಕಡೆಯ ಲೋಹವಿಜ್ಞಾನಿಯೊಬ್ಬರಿದ್ದಾರೆ. ಮಿಧಾನಿ, ಡಿಎಂಆರ್‌ಎಲ್ ಇರುವ ಊರಲ್ಲಿ ಇಂಥವರಿಗೇನು ಕೊರತೆ? ಸಂಜೆಯ ವಾಕಿಂಗಿನಲ್ಲಿ ನನ್ನ ಧಾರವಾಡದ ‘ಏನ್ರೀ’, ಅವರ ‘ಏನ್ ಸಾರ್’ ಜೊತೆಯಾಗುತ್ತವೆ.

ಒಂದು ದಿನ ಟೈಟಾನಿಯಂ ಅಲ್ಯುಮಿನೈಡ್ ವಿಷಯ ತೆಗೆದರು. “ಎರಡೂ ಲೋಹದ ಪರಮಾಣುಗಳು ಸಾಲು ಹಿಡಿದು ತಮ್ಮ ತಮ್ಮ ಜಾಗದಲ್ಲೇ ಕೂತಿರ್ತವೆ ಸಾರ್. ಅದಕ್ಕೇ 700 ಡಿಗ್ರಿ ಬಿಸಿಯಲ್ಲೂ ಗಟ್ಟಿ. ತೂಕ ಮಾತ್ರ ನಿಕ್ಕಲ್ ಮಿಶ್ರಲೋಹದ ಅರ್ಧ.” ಬೋಯಿಂಗ್ 787ರ ಜಿಇಎನ್‌ಎಕ್ಸ್ ಎಂಜಿನ್ನಿನಲ್ಲಿ ಟರ್ಬೈನಿನ ಕೊನೆಯ ಎರಡು ಸಾಲಿನ ಅಲಗುಗಳು ಇದರವೇ ಅಂತೆ.

“ಮತ್ತ ಬೆಸುಗಿ ಹಾಕೋದು ಯಾಕ ಕಷ್ಟರೀ?”

“ಕಾಯಿಸೋದು ಕಷ್ಟ ಅಲ್ಲ ಸಾರ್, ಆರಿಸೋದು ಕಷ್ಟ. ತಣ್ಣಗಿದ್ದಾಗ ನೂರಕ್ಕೆ ಒಂದೆರಡು ಪಾಲು ಹಿಗ್ಗಿದ್ರೆ ಹೆಚ್ಚು. ಬೆಸುಗೆ ಬೇಗ ಆರಿ ಕುಗ್ಗುತ್ತೆ, ಪಕ್ಕದ ಲೋಹ ಬಿಟ್ಟುಕೊಡಲ್ಲ, ಬಿರುಕು! ಅದಕ್ಕೇ ಮೊದಲೇ ನೂರಾರು ಡಿಗ್ರಿ ಕಾಯಿಸಿಟ್ಟು, ನಿರ್ವಾತದಲ್ಲಿ ಎಲೆಕ್ಟ್ರಾನ್ ಕಿರಣದಿಂದ ಬೆಸೆದು, ನಿಧಾನಕ್ಕೆ ಆರಿಸಬೇಕು. ಇಲ್ಲಾಂದ್ರೆ ಕರಗಿಸೋದೇ ಬೇಡ. ಎರಡು ನುಣುಪು ಮುಖಗಳನ್ನ ಬಿಸಿಯಲ್ಲಿ ಗಂಟೆಗಟ್ಟಲೆ ಒತ್ತಿ ಹಿಡಿದ್ರೆ ತಾವೇ ಕೂಡ್ತವೆ.”

ನಾನು ಸುಮ್ಮನಾದೆ. ಅವ್ವ ನೆನಪಾದಳು.

1998ರಲ್ಲಿ ಅಪ್ಪ ತೀರಿಕೊಂಡ ಹದಿನಾಲ್ಕನೆಯ ದಿನವೇ ಧಾರವಾಡದ ಮನೆಗೆ ಬೀಗ ಹಾಕಿ ಅವಳನ್ನು ಇಲ್ಲಿಗೆ ಕರೆತಂದಿದ್ದೆ. ನನ್ನ ರಜೆ ಮುಗಿದಿತ್ತು. ಮೊದಲ ವಾರ ಬಂದು ಹೋಗುವ ಜನ, ಮಾತು. ಅವಳು ಗಟ್ಟಿಯಾಗೇ ಇದ್ದಳು. ಆಮೇಲೆ ನಾನು ಬ್ಯಾಂಕಿಗೆ, ಮಕ್ಕಳು ಶಾಲೆಗೆ. ತೆಲುಗು ಬಾರದ ಅವಳು ಕಿಟಕಿ ಪಕ್ಕ ಕೂತು ಕೂತು ಮಾತೇ ಬಿಟ್ಟಳು. “ನನ್ನ ಊರಿಗೆ ಬಿಟ್ಟು ಬಾರಪಾ” ಅಂದಾಗ, “ಅಲ್ಲಿ ಯಾರ ಅದಾರವ್ವಾ?” ಎಂದೆ. ಮರುವರ್ಷ ಇಲ್ಲೇ ಹೋಗಿಬಿಟ್ಟಳು.

ಎಷ್ಟೋ ಕಾರ್ಖಾನೆಗಳಿಗೆ ಮೊದಲ ಕಂತಿನ ಮುಂಚೆ ಆರು ತಿಂಗಳ ಬಿಡುವು ಬರೆದುಕೊಟ್ಟವನು ನಾನು. ಅವ್ವನಿಗೆ ಒಂದು ತಿಂಗಳೂ ಕೊಡಲಿಲ್ಲ.

ಈಗ ಪುಣೆಯಿಂದ ಮಗ, “ಮನಿ ಮಾರಿ ಇಲ್ಲೇ ಬಂದುಬಿಡ್ರಿ ಅಪ್ಪಾ” ಅನ್ನುತ್ತಾನೆ. ಬರ್ತೀನಪಾ, ಆದರ ಸಾವಕಾಶ ಬರ್ತೀನಿ ಅಂದಿದ್ದೇನೆ.