ಕೂಪರ್ ದಾಟಿದ ಟಪಾಲು

ಬೆಳಗಿನ ಜಾವ. ದಕ್ಷಿಣ ಆಸ್ಟ್ರೇಲಿಯಾದ ಮರ್ರೀ. ರೈಲಿನಿಂದ ಇಳಿದ ಸಾಮಾನು ಲಾರಿ ಏರುತ್ತದೆ. ಪೆಟ್ರೋಲ್ ಪೀಪಾಯಿ ಉರುಳುತ್ತವೆ, ಹಿಟ್ಟಿನ ಮೂಟೆ ಬೀಳುತ್ತವೆ, ಔಷಧಿ ಪೆಟ್ಟಿಗೆಗಳು ಸಂದಿಗೊಂದಿಗೆ ತೂರುತ್ತವೆ. ಎಲ್ಲದರ ಮೇಲೆ ಟಪಾಲು ಚೀಲ. ಹಗ್ಗ ಬಿಗಿದು, ಗಂಟು ಜಗ್ಗಿ ನೋಡಿ, ಟಾಮ್ ಕ್ರೂಸ್ ಸ್ಟೇರಿಂಗ್ ಹಿಡಿಯುತ್ತಾನೆ. ಬರ್ಡ್ಸ್‌ವಿಲ್‌ಗೆ 517 ಕಿಲೋಮೀಟರ್. ದಾರಿಯೆಂದರೆ ಹಿಂದಿನ ಸಲ ಹೋದ ಗಾಲಿಯ ಗುರುತು. ಅದನ್ನೂ ಗಾಳಿ ಉಳಿಸಿದ್ದರೆ!

ಹಾಲಿವುಡ್ ನಟನಲ್ಲ ಈತ. ಆ ನಟ ಹುಟ್ಟಿದ 1962ರ ಹೊತ್ತಿಗೆ ಈ ಟಾಮ್ ಇದೇ ಹಾದಿಯಲ್ಲಿ ದಶಕಗಟ್ಟಲೆ ಟಪಾಲು ಹೊತ್ತಾಗಿತ್ತು. 1936ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಹಿಡಿದ ಕೆಲಸ. ಹದಿನೈದು ದಿನಕ್ಕೊಂದು ಓಟ. ವರ್ಷಗಟ್ಟಲೆ ಬಿಡಲಿಲ್ಲ. ಅಂಥ ನೂರಾರು ಓಟಗಳ ನಡುವೆ, 1949ರ ನೆರೆಯ ಕಾಲದಲ್ಲಿ ಅವನ ಒಂದು ದಿನ ಹೇಗೆ ಸಾಗಿದ್ದೀತು? ಲಾರಿ ಹತ್ತಿ.

ಮರ್ರೀ ಹಿಂದಾಯಿತು. ಸುತ್ತ ಬಟಾಬಯಲು. ನುಣುಪಾದ ಕೆಂಗಲ್ಲುಗಳು ಗಾಲಿಯಡಿ ಸಿಡಿಯುತ್ತವೆ, ಟೈರ್ ಕಚ್ಚುತ್ತವೆ. ಸ್ಪ್ರಿಂಗ್ ನರಳುತ್ತದೆ. ರೇಡಿಯೇಟರ್ ಕುದಿಯುತ್ತದೆ. ಇಳಿ, ನೀರು ಹೊಯ್ಯಿ, ಹೊರಡು. ಟೈರ್ ಸಿಡಿಯಿತೇ? ಜಾಕು ಕೊಡು, ಬಿಚ್ಚು, ತೇಪೆ ಹಾಕು, ಹೊರಡು.

ಕೆಟ್ಟದ್ದನ್ನು ಇಲ್ಲೇ ರಿಪೇರಿ ಮಾಡಬೇಕು. ಲಾರಿ ಬಿಟ್ಟು ನಡೆದು ಹೋಗುತ್ತೇನೆಂದವನನ್ನು ಈ ನೆಲ ನುಂಗುತ್ತದೆ. ಈ ಸೀಮೆಯ ಬಿಸಿಲು ಎಂಥದ್ದೆಂದರೆ, ಪಶ್ಚಿಮಕ್ಕಿರುವ ಊಡ್ನಡಾಟಾದಲ್ಲಿ 1960ರ ಜನವರಿಯಲ್ಲಿ ನೆರಳಿನಲ್ಲೇ 50.7 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. 1963ರ ಡಿಸೆಂಬರ್‌ನಲ್ಲಿ ಇದೇ ಹಾದಿಯಲ್ಲಿ ಒಂದು ಕುಟುಂಬದ ಕಾರು ದಾರಿ ತಪ್ಪಿತು. ಪೆಟ್ರೋಲ್ ಮುಗಿಯಿತು. ನೀರು ಮುಗಿಯಿತು. ಐದು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಡಲ್ಕನಿನ್ನಾ ಬಂತು. ದನದ ಸ್ಟೇಷನ್ನಿನ ಒಂಟಿ ಮನೆ. ಲಾರಿಯ ಧೂಳು ಕಂಡೊಡನೆ ಮನೆಮಂದಿ ಹೊರಗೆ ಬರುತ್ತಾರೆ. ಎರಡು ವಾರದ ಕಾಗದ, ಎರಡು ವಾರದ ಸುದ್ದಿ, ಎರಡು ವಾರದ ದಿನಸಿ, ಎಲ್ಲ ಒಟ್ಟಿಗೆ ಇಳಿಯುತ್ತದೆ. ಒಂದು ಲೋಟ ಚಹಾ. ಮತ್ತೆ ಎಂಜಿನ್ ಗುಡುಗು. ಎಟಡುನ್ನಾ ದಾಟಿತು. ಮರ್ರೀಯಿಂದ ಸುಮಾರು 140 ಕಿಲೋಮೀಟರ್. ಟಾಮ್ ಬ್ರೇಕ್ ತುಳಿಯುತ್ತಾನೆ.

ಎದುರಿಗೆ ನೀರು.

ಆಕಾಶದಲ್ಲಿ ಒಂದು ಮೋಡದ ಚೂರಿಲ್ಲ. ಆದರೂ ಮೈಲಿಗಟ್ಟಲೆ ನೀರು! ಕ್ವೀನ್ಸ್‌ಲ್ಯಾಂಡಿನಲ್ಲಿ ಎಂದೋ ಸುರಿದ ಮಳೆ ನೂರಾರು ಕಿಲೋಮೀಟರ್ ತೆವಳಿ, ವಾರಗಟ್ಟಲೆ ಹರಿದು, ಈಗ ಐರ್ ಸರೋವರದ ಕಡೆ ಹೊರಟಿದೆ. ವರ್ಷಗಟ್ಟಲೆ ಬರೀ ಮರಳಾಗಿ ಬಿದ್ದಿರುವ ಕೂಪರ್ ಕ್ರೀಕ್ ಎದ್ದಿದೆ. ಈ ಹೊಳೆಗೆ ಹೆಸರಿಟ್ಟ ಚಾರ್ಲ್ಸ್ ಸ್ಟರ್ಟ್, ಖಂಡದ ಒಡಲಲ್ಲಿ ಸಮುದ್ರವಿದೆಯೆಂದು ನಂಬಿ 1844ರಲ್ಲಿ ಅಡಿಲೇಡ್‌ನಿಂದ ದೋಣಿಯನ್ನೇ ಹೊರಿಸಿಕೊಂಡು ಬಂದಿದ್ದ. ಸಮುದ್ರ ಸಿಗಲಿಲ್ಲ. ದೋಣಿ ಮರುಭೂಮಿಯಲ್ಲೇ ಉಳಿಯಿತು. ನೂರು ವರ್ಷ ಕಳೆದ ಮೇಲೆ ದೋಣಿ ಬೇಕಾದವನು ಬಂದಿದ್ದಾನೆ, ಲಾರಿಯಲ್ಲಿ.

ಲಾರಿ ಈ ನೀರಿಗಿಳಿಯುವಂತಿಲ್ಲ. ಟಪಾಲು ನಿಲ್ಲುವಂತಿಲ್ಲ. ಏನು ಮಾಡಿಯಾನು?

ಬಿಚ್ಚುತ್ತಾನೆ. ಬೆಳಗ್ಗೆ ಬಿಗಿದ ಅಷ್ಟೂ ಹಗ್ಗ ಬಿಚ್ಚುತ್ತಾನೆ. ಮೂಟೆ, ಪೆಟ್ಟಿಗೆ, ಪೀಪಾಯಿ ಒಂದೊಂದಾಗಿ ಇಳಿಸುತ್ತಾನೆ. ದಂಡೆಯಲ್ಲಿರುವ ದೋಣಿಗೆ ತುಂಬುತ್ತಾನೆ. ಮುಳುಗಿದ ಮರದ ಕೊಂಬೆಗಳಿಗೆ ಸಿಕ್ಕದಂತೆ ತಪ್ಪಿಸಿ ದಾಟುತ್ತಾನೆ, ಆಚೆ ದಂಡೆಯಲ್ಲಿ ಇಳಿಸುತ್ತಾನೆ, ಖಾಲಿ ದೋಣಿ ತಿರುಗಿಸುತ್ತಾನೆ. ಮತ್ತೆ ತುಂಬು, ಮತ್ತೆ ದಾಟು, ಮತ್ತೆ ಇಳಿಸು. ಕೈಯ ಚರ್ಮ ಕಿತ್ತುಬರುತ್ತದೆ. ಟಪಾಲು ಚೀಲಕ್ಕೆ ಮಾತ್ರ ಹನಿ ತಾಗಬಾರದು. ಆಚೆ ದಂಡೆಯಲ್ಲಿ ಇನ್ನೊಂದು ಲಾರಿ ಕಾದಿದೆ. ಅಷ್ಟೂ ಸಾಮಾನು ಅದಕ್ಕೇರಬೇಕು. ನನಗೆ ಈ ಮನುಷ್ಯನ ಮೇಲೆ ಬೆರಗು ಹುಟ್ಟುವುದು ಇಲ್ಲಿ. ಮಧ್ಯಾಹ್ನ ದಾಟಿದೆ, ಅವನು ಬೆಳಗಿನ ಕೆಲಸವನ್ನು ಮೊದಲಿಂದ ಶುರುಮಾಡುತ್ತಿದ್ದಾನೆ!

ಹಗ್ಗ ಬಿಗಿಯಿತು. ಗಂಟು ಜಗ್ಗಿದ್ದಾಯಿತು. ಇಪ್ಪತ್ತು ಕಿಲೋಮೀಟರ್ ಕಳೆಯುವಷ್ಟರಲ್ಲಿ ನೆಲ ಮೇಲೇಳುತ್ತದೆ. ನ್ಯಾಟರಾನೀ ಮರಳುಗುಡ್ಡಗಳು.

ಬಿಸಿಲಿಗೆ ಕಾದ ಮರಳು ಸಡಿಲ. ಬೆಳಗಿನ ತಂಪಿನಲ್ಲಾದರೆ ಒಂದಿಷ್ಟು ಬಿಗಿ ಇರುತ್ತದೆ. ಆದರೆ ಆ ತಂಪಿನ ಗಳಿಗೆಯನ್ನು ಕೂಪರ್ ತಿಂದುಹಾಕಿದೆ. ಟಾಮ್ ಟೈರಿನ ಗಾಳಿ ಇಳಿಸುತ್ತಾನೆ. ಟೈರ್ ಚಪ್ಪಟೆಯಾಗಿ, ಅಗಲವಾಗಿ, ಮರಳನ್ನು ಹಿಡಿಯಬೇಕು. ಆಕ್ಸಿಲರೇಟರ್ ಒತ್ತಿ ನುಗ್ಗುತ್ತಾನೆ. ಅರ್ಧ ಏರು. ಗಾಲಿ ಗಿರಗಿರನೆ ತಿರುಗುತ್ತದೆ, ಹೂತುಹೋಗುತ್ತದೆ. ಲಾರಿ ನಿಂತಿತು.

ಸಲಿಕೆ ಬಂತು. ಗಾಲಿಯಡಿಯ ಮರಳು ತೋಡಿ, ಕಬ್ಬಿಣದ ಹಲಗೆ ತುರುಕಿ, ಎಂಜಿನ್ ಕೆರಳಿಸುತ್ತಾನೆ. ಲಾರಿ ಹಲಗೆಯಷ್ಟು ದೂರ ಜಿಗಿಯುತ್ತದೆ, ಮತ್ತೆ ಹೂತುಹೋಗುತ್ತದೆ. ಹಿಂದೆ ಓಡು. ಕಾದ ಹಲಗೆ ಕಿತ್ತು ಮುಂದೆ ಎಳೆ. ಹಾಸು. ಹತ್ತಿಸು. ಇನ್ನೊಂದು ಹಲಗೆಯ ಉದ್ದ. ಮತ್ತೊಂದು. ಗುಡ್ಡದ ನೆತ್ತಿಗೆ ಮುಂಗಾಲಿ ಮುಟ್ಟುವಾಗ ಹಿಂಗಾಲಿ ಜಾರಿ, ಹೊರೆ ಒಂದು ಮಗ್ಗುಲಿಗೆ ವಾಲುತ್ತದೆ. ಪೀಪಾಯಿಗಳು ಹಗ್ಗವನ್ನು ಒತ್ತುತ್ತವೆ. ಎರಡು ಸಲ ಹಾಕಿದ ಗಂಟು ತಡೆದೀತೇ?

ತಡೆಯಿತು. ಲಾರಿ ನೆತ್ತಿ ದಾಟಿ ಆಚೆ ಮಗ್ಗುಲಿಗೆ ಜಾರಿತು.

ಅಲ್ಲಿ ಮುಂದಿನ ಗುಡ್ಡ ನಿಂತಿತ್ತು.

1954ರಲ್ಲಿ ನಿರ್ದೇಶಕ ಜಾನ್ ಹೇಯರ್ ಈ ಹಾದಿಯನ್ನು ಸಾಕ್ಷ್ಯಚಿತ್ರವಾಗಿಸಿದ. ವೆನಿಸ್ ಚಿತ್ರೋತ್ಸವದಲ್ಲಿ ಆ ಚಿತ್ರಕ್ಕೆ ದೊಡ್ಡ ಪ್ರಶಸ್ತಿ ಬಂತು. ಮರುವರ್ಷ ಟಾಮ್‌ಗೆ ಎಂ.ಬಿ.ಇ. ಗೌರವ. ಅವನಿಗೆ ಮಾತ್ರ ಹದಿನೈದು ದಿನಕ್ಕೊಮ್ಮೆ ಅದೇ ಕಲ್ಲು, ಅದೇ ಮರಳು. ಅವನ ಲೇಲ್ಯಾಂಡ್ ಬ್ಯಾಜರ್ ಲಾರಿ 1957ರಲ್ಲಿ ಮರುಭೂಮಿಯಲ್ಲೇ ಕೈಕೊಟ್ಟು ನಿಂತಿತು. ದಶಕಗಟ್ಟಲೆ ಬಿಸಿಲಲ್ಲಿ ತುಕ್ಕು ಹಿಡಿಯಿತು. ಹುಡುಕಿ ತಂದರು, ಬಿಚ್ಚಿದರು, ತಿಕ್ಕಿದರು, ಜೋಡಿಸಿದರು. 1999ರಲ್ಲಿ ಬ್ಯಾಜರ್ ಅದೇ ಹಾದಿಗಿಳಿಯಿತು, ಟಪಾಲು ಚೀಲ ಹೊತ್ತು. ಜೊತೆಯಲ್ಲಿ ಟಾಮ್ ಇದ್ದ. ವಯಸ್ಸು 85.