ಉಷ್ಣೀಷ ಪ್ರಸಂಗ

ಅರವತ್ತು ದಾಟಿದ ಮನುಷ್ಯನು ತಲೆಯ ಒಳಗೆ ಇರುವುದನ್ನು ಕುರಿತು ಚಿಂತಿಸಬೇಕೇ ಹೊರತು ತಲೆಯ ಮೇಲೆ ಇರತಕ್ಕುದನ್ನು ಕುರಿತಲ್ಲವೆಂದು ನಾನು ಬಹುಕಾಲ ನಂಬಿದ್ದೆನು. ಮೂವತ್ತು ವರ್ಷಗಳಿಗೂ ಮಿಕ್ಕು ಶಾಲೆಯ ಹುಡುಗರಿಗೆ ಹಾಗೆಯೇ ಉಪದೇಶಮಾಡಿದ್ದೆನು. ಹೋದ ವರ್ಷದ ಶಿವರಾತ್ರಿ ಕಳೆದ ಮೇಲೆ ನಡೆದ ಒಂದು ಸಂಗತಿಯು ಆ ನಂಬಿಕೆಯನ್ನು ಕೆಡಹಿತು. ಅದರಲ್ಲಿ ನನ್ನ ತಪ್ಪೇ ಹೆಚ್ಚಾಗಿರುವುದರಿಂದ, ವಾಚಕ ಮಹಾಶಯರ ಮುಂದೆ ಒಪ್ಪಿಸಿಬಿಡುವುದು ಮೇಲೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನನ್ನ ಈಗಿನ ವಾಸ ಸಂಡೂರಿನ ಬೆಟ್ಟಗಳ ನಡುವಣ ದೋಣಿಮಲೈಯಲ್ಲಿ. 1977ರಲ್ಲಿ ಇಲ್ಲಿ ಕಬ್ಬಿಣದ ಅದಿರಿನ ಗಣಿಯು ಕೆಲಸಕ್ಕೆ ತೊಡಗಿತು. ಗಣಿಯ ಬೆನ್ನಿಗೆ ವಸತಿಯೂ, ವಸತಿಯ ಬೆನ್ನಿಗೆ ಶಾಲೆಯೂ, ಕಡೆಗೆ ನಮ್ಮಂಥ ಮೇಷ್ಟ್ರುಗಳೂ ಬಂದರು. ಇಲ್ಲಿನ ಮಣ್ಣು ಕೆಂಪು, ಗಾಳಿ ಕೆಂಪು, ಮಳೆಗಾಲದ ಹಳ್ಳವೂ ಕೆಂಪು. ಬೆಳಗ್ಗೆ ಉಟ್ಟ ಬಿಳಿಯ ಪಂಚೆ ಸಂಜೆಯ ಹೊತ್ತಿಗೆ ಕಾಷಾಯವಾಗುತ್ತದೆ. ವೈರಾಗ್ಯವಿಲ್ಲದೆಯೇ ಸಂನ್ಯಾಸಿಗಳಾಗಲು ಇಷ್ಟು ಅನುಕೂಲವಾದ ಸ್ಥಳವು ಬೇರೆಲ್ಲೂ ಇರಲಾರದು.

ಈ ಊರಿನಲ್ಲಿ ನಾವು ಐದು ಮಂದಿ ನಿವೃತ್ತರು ಸೇರಿ ಒಂದು ಕೂಟವನ್ನು ಮಾಡಿಕೊಂಡಿದ್ದೇವೆ. ಅದಕ್ಕೆ ಹೆಸರಿಲ್ಲ, ಹೆಸರಿಡುವ ಚರ್ಚೆ ಪ್ರಾರಂಭವಾಗಿ ಆರು ವರ್ಷವಾಯಿತು, ಇನ್ನೂ ಮುಗಿದಿಲ್ಲ. ತಿಂಗಳಿಗೆ ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಬೆಟ್ಟವನ್ನು ಸುತ್ತುವುದೇ ಅದರ ಉದ್ಯೋಗ. ಅಂಚೆ ಕಚೇರಿಯಲ್ಲಿದ್ದವರು ಹಕ್ಕಿಗಳನ್ನು ಎಣಿಸುತ್ತಾರೆ. ಕಾಂಪೌಂಡರಾಗಿದ್ದವರು ಬೇರುನಾರುಗಳನ್ನು ಹುಡುಕುತ್ತಾರೆ. ಬ್ಯಾಂಕಿನಲ್ಲಿದ್ದವರು ಹಾಳುಬಾವಿಗಳ ಮೆಟ್ಟಿಲುಗಳನ್ನು ಲೆಕ್ಕಮಾಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಏತಕ್ಕೆಂಬುದು ಅವರಿಗೂ ತಿಳಿಯದು. ನನಗೆ ವೀರಗಲ್ಲುಗಳ ಹುಚ್ಚು. ಐದನೆಯವರು ಗಣಿಯಲ್ಲಿ ಮೇಸ್ತ್ರಿಗಳಾಗಿದ್ದವರು. ಹೊಟ್ಟೆಪಾಡಿಗಾಗಿ ಜೀವಮಾನವೆಲ್ಲ ಕಲ್ಲನ್ನು ಒಡೆಯಿಸಿದ ಅವರು ಈಗ ಸಂತೋಷಕ್ಕಾಗಿ ಕಲ್ಲುಗಳನ್ನು ಆಯ್ದು ತಂದು ಮನೆಯ ಜಗಲಿಯ ಮೇಲೆ ಜೋಡಿಸುತ್ತಾರೆ. ನಾನು ಮೇಷ್ಟ್ರು, ಅವರು ಮೇಸ್ತ್ರಿ. ಇಬ್ಬರ ಕಾಗದಪತ್ರಗಳೂ ಅದಲುಬದಲಾಗಿ ಬರುತ್ತಿದ್ದುದೇ ನಮ್ಮ ಮೂವತ್ತು ವರ್ಷದ ಸ್ನೇಹಕ್ಕೆ ಮೂಲವಾಯಿತು.

ಟೋಪಿಯ ಮಾತನ್ನು ಎತ್ತಿದವರು ಈ ಮೇಸ್ತ್ರಿಗಳೇ. ಅವರು ಆಗ ರಾಬರ್ಟ್ ಬ್ರೂಸ್ ಫೂಟನ ವಿಷಯವನ್ನು ಎಲ್ಲಿಯೋ ಓದಿದ್ದರು. ಈ ಫೂಟನು 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿಯನ್ನು ಕಂಡುಹಿಡಿದು, ಭಾರತದ ಪ್ರಾಗಿತಿಹಾಸಕ್ಕೆ ತಳಹದಿ ಹಾಕಿದವನು. ಮುಂದೆ ಭೂವಿಜ್ಞಾನ ಇಲಾಖೆಯ ಪರವಾಗಿ ನಮ್ಮ ಬಳ್ಳಾರಿ ಸೀಮೆಯನ್ನೆಲ್ಲ ಸುತ್ತಿ, ಸಂಡೂರಿನ ಕಬ್ಬಿಣದ ಬೆಟ್ಟಗಳನ್ನೂ ನೋಡಿ, 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂರಚನೆಯ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. “ಮೇಷ್ಟ್ರೇ, ಅಂಥವರು ತಿರುಗಾಡಿದ ಬೆಟ್ಟದಲ್ಲಿ ನಾವು ಬರಿದಲೆಯಲ್ಲಿ ತಿರುಗುವುದು ಚೆನ್ನಾಗಿಲ್ಲ. ಕೂಟಕ್ಕೆಲ್ಲ ಆ ಕಾಲದ ದೊರೆಗಳ ಟೋಪಿಯೇ ಆಗಬೇಕು” ಎಂದು ಅವರು ಹಟಹಿಡಿದರು. ಆರಿಸುವ ಭಾರವನ್ನು, ಓದಿದವನೆಂಬ ಕಾರಣದಿಂದ, ನನ್ನ ಮೇಲೆ ಹೊರಿಸಿದರು.

ದೊರೆಗಳ ಟೋಪಿಯೆಂದರೆ ಸೋಲಾ ಟೋಪಿ. ನಮ್ಮ ಮಾತಿನಲ್ಲಿ ಬೆಂಡಿನ ಟೋಪಿ. ಬಂಗಾಳದ ಜವುಗು ನೆಲದಲ್ಲಿ ಬೆಳೆಯುವ ಶೋಲಾ ಎಂಬ ಗಿಡದ ಕಾಂಡದೊಳಗಿನ ಬಿಳಿಯ ತಿರುಳಿನಿಂದ ಅದನ್ನು ಮಾಡುತ್ತಿದ್ದರು. ಹೂವಿನಷ್ಟು ಹಗುರ. ಬಿಸಿಲಿನ ಕಾವನ್ನು ಒಳಗೆ ಬಿಡದು. ತಲೆಗೂ ಟೋಪಿಗೂ ನಡುವೆ ಗಾಳಿಯಾಡುವಷ್ಟು ತೆರವು, ಕತ್ತಿಗೂ ಕಣ್ಣಿಗೂ ನೆರಳಾಗುವಷ್ಟು ಅಂಚು. ಇದೇ ತಿರುಳಿನಿಂದಲೇ ಬಂಗಾಳದಲ್ಲಿ ಮದುವಣಿಗನ ಕಿರೀಟವನ್ನೂ ಮಾಡುತ್ತಾರೆ. ನಮ್ಮಲ್ಲಿಯೂ ಬಾಸಿಂಗವು ಬೆಂಡಿನದೇ ಅಲ್ಲವೆ? ಒಂದೇ ಬೆಂಡು ಒಬ್ಬನನ್ನು ಒಂದು ದಿನದ ಮಟ್ಟಿಗೆ ಅರಸನನ್ನಾಗಿ ಮಾಡಿತು, ಮತ್ತೊಬ್ಬನನ್ನು ಅವನ ಉದ್ಯೋಗದ ಕಾಲವೆಲ್ಲ.

ಆ ಟೋಪಿಯ ಹಿಂದೆ ಒಂದು ಸಿದ್ಧಾಂತವೂ ಇತ್ತು. ಸೂರ್ಯನ ಕಿರಣಗಳಲ್ಲಿ ಒಂದು ವಿಶೇಷ ಬಗೆಯು ಬಿಳಿಯರ ತಲೆಬುರುಡೆಯನ್ನು ಭೇದಿಸಿ ಮೆದುಳಿಗೆ ಇಳಿಯುವುದೆಂದು ಅವರ ವೈದ್ಯರು ನಂಬಿದ್ದರು. ಬೆನ್ನೆಲುಬಿನ ರಕ್ಷಣೆಗಾಗಿ ಅಂಗಿಯ ಹಿಂಬದಿಗೆ ಮೆತ್ತೆಯನ್ನು ಹೊಲಿಸಿಕೊಂಡವರೂ ಉಂಟು. ಎರಡನೆಯ ಮಹಾಯುದ್ಧದ ಕಾಲಕ್ಕೆ ಆ ನಂಬಿಕೆ ಸಡಿಲಿತು. ಟೋಪಿಯೂ ಅದರ ಜೊತೆಗೆ ಹೋಯಿತು. ದೊರೆಯ ಬುರುಡೆ ಅಷ್ಟು ಮೃದುವಾಗಿದ್ದಾಗ, ಅವನ ಡೇರೆಯನ್ನೂ ಕಲ್ಲಿನ ಮೂಟೆಯನ್ನೂ ಹೊತ್ತು ಮುಂದೆ ನಡೆಯುತ್ತಿದ್ದವನ ಬುರುಡೆಯನ್ನು ಕುರಿತು ಯಾವ ಸಿದ್ಧಾಂತವನ್ನೂ ಯಾರೂ ಮಾಡಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಅವನು ತನ್ನ ರುಮಾಲನ್ನು ಸುತ್ತಿಕೊಂಡು ಹೋಗುತ್ತಿದ್ದನು.

ಹೊಸಪೇಟೆಯ ಅಂಗಡಿಗಳಲ್ಲಿ ಕೇಳಿದೆವು; ಹಂಪಿಗೆ ಬರುವ ಯಾತ್ರಿಕರಿಗಾಗಿ ಮಾರುವ ಬಟ್ಟೆಯ ಟೋಪಿಗಳಿದ್ದುವೇ ಹೊರತು ಬೆಂಡಿನದಿರಲಿಲ್ಲ. ಕಡೆಗೆ ಕಂಪ್ಲಿಯಲ್ಲಿ, ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುವ ಒಬ್ಬರ ಪೆಟ್ಟಿಗೆಯಲ್ಲಿ, ದುರ್ಯೋಧನನ ಕಿರೀಟಕ್ಕೂ ನಾರದನ ಜಡೆಗೂ ನಡುವೆ ಒಂದು ದೊರೆ ಟೋಪಿ ಸಿಕ್ಕಿತು. ಅದೆಷ್ಟು ಕಲೆಕ್ಟರ ಪಾತ್ರಗಳ ತಲೆಯ ಮೇಲೆ ಮೆರೆದಿತ್ತೋ, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೇಸ್ತ್ರಿಗಳು ಬೆಲೆಕೊಟ್ಟು ಕೊಂಡೇಬಿಟ್ಟರು. ಮನೆಗೆ ತಂದು ನಾನು ಒಮ್ಮೆ ಧರಿಸಿ ಕನ್ನಡಿಯ ಮುಂದೆ ನಿಂತೆನು. ಒಳಗಿನಿಂದ ಬಂದ ನನ್ನ ಮನೆಯಾಕೆ, “ಏನ್ರೀ ಇದು, ತಿಪ್ಪೆಯ ಮೇಲೆ ನಾಯಿಕೊಡೆ ಎದ್ದ ಹಾಗೆ!” ಎಂದು ಹೇಳಿ ಒಳಗೆ ಹೋದಳು.

ಆ ಒಂದು ಮಾತು ನನ್ನ ವಿದ್ವತ್ತನ್ನು ಕೆರಳಿಸಿತು. ಮುಂದಿನ ಕೂಟದಲ್ಲಿ ನಾನು ಟೋಪಿಯ ವಿರುದ್ಧವಾಗಿ ಒಂದು ಗಳಿಗೆ ಉಪನ್ಯಾಸಮಾಡಿದೆನು. ಉಷ್ಣವನ್ನು ಪರಿಹರಿಸುವುದರಿಂದ ಉಷ್ಣೀಷವೆಂದು ವ್ಯಾಖ್ಯಾನಕಾರರು ಅರ್ಥಹೇಳುತ್ತಾರೆ; ಅಮರನು ಆ ಶಬ್ದಕ್ಕೆ ತಲೆಯ ಸುತ್ತು ಎಂದೂ ಕಿರೀಟವೆಂದೂ ಎರಡು ಅರ್ಥಗಳನ್ನು ಕೊಟ್ಟಿದ್ದಾನೆ; ಆದಕಾರಣ ತಲೆಗೆ ಸುತ್ತಿದ ಅರಿವೆಯೇ ನಮ್ಮ ಕಿರೀಟ, ಪರರ ಬೆಂಡು ನಮಗೇಕೆ ಎಂದು ವಾದಿಸಿದೆನು. ಇಲ್ಲಿಗೆ ಕೂಗಳತೆಯಲ್ಲಿರುವ ವಿಜಯನಗರವನ್ನೂ ಎಳೆದುತಂದೆನು. ಪ್ರೌಢದೇವರಾಯನ ಆಸ್ಥಾನಕ್ಕೆ ಬಂದ ತೆಲುಗಿನ ಶ್ರೀನಾಥ ಕವಿಯು, ತಾನು ಕುಳ್ಳಾಯಿಯನ್ನು ತೊಡಬೇಕಾಗಿ ಬಂದ ಸಂಕಟವನ್ನು ಕನ್ನಡ ರಾಜ್ಯಲಕ್ಷ್ಮಿಯೊಡನೆ ತೋಡಿಕೊಂಡನೆಂದು ಅವನ ಹೆಸರಿನಲ್ಲಿ ಒಂದು ಚಾಟುಪದ್ಯವು ಪ್ರಸಿದ್ಧವಾಗಿದೆ. “ಪರರ ಟೋಪಿಯನ್ನು ಹಾಕಿಕೊಂಡ ಮಹಾಕವಿಯ ಗತಿಯೇ ಹೀಗಾದರೆ ನಮ್ಮ ಪಾಡೇನು?” ಎಂದೆನು.

ಬ್ಯಾಂಕಿನವರು ಮೆಲ್ಲನೆ, “ತಿರುಮಲೆಯಲ್ಲಿ ಕೃಷ್ಣದೇವರಾಯನ ಲೋಹಮೂರ್ತಿಯ ತಲೆಯ ಮೇಲಿರುವುದು ಏನು, ಮೇಷ್ಟ್ರೇ?” ಎಂದು ಕೇಳಿದರು. ಅದೂ ಕುಳ್ಳಾಯಿಯೇ. ಪಾರಸಿ ಮೂಲದ ಆ ಎತ್ತರದ ಟೋಪಿಯನ್ನು ನಮ್ಮ ರಾಯರು ಸಂತೋಷದಿಂದಲೇ ಧರಿಸಿದರು. ಲೇಪಾಕ್ಷಿಯ ಚಿತ್ರಗಳಲ್ಲಿ ಗಣ್ಯರೆಲ್ಲರ ತಲೆಯ ಮೇಲೆಯೂ ಅದೇ ಇದೆ. ನನಗೆ ಉತ್ತರ ತೋಚಲಿಲ್ಲ. ಆದರೂ ಗೆದ್ದವನಂತೆ ನಕ್ಕೆನು. ಮೇಸ್ತ್ರಿಗಳು ಮಾತ್ರ ನಗದೆ, “ಹಾಗಾದರೆ ಮುಂದಿನ ಸಲ ನೀವು ರುಮಾಲು ಸುತ್ತಿಕೊಂಡು ಬನ್ನಿ. ನೋಡಿ ನಾವೂ ಕಲಿಯುತ್ತೇವೆ” ಎಂದರು.

ಇಲ್ಲಿ ಒಂದು ಗುಟ್ಟನ್ನು ಹೇಳಬೇಕು. ನನಗೆ ರುಮಾಲು ಸುತ್ತಲು ಬಾರದು. ನಮ್ಮ ತಂದೆಯವರು ಬರಿದಲೆಯಲ್ಲಿ ಹೊಸಲು ದಾಟಿದವರಲ್ಲ. ಹನ್ನೆರಡು ಮೊಳದ ಬಿಳಿಯ ರುಮಾಲಿನ ಒಂದು ತುದಿಯನ್ನು ತಾವು ಹಿಡಿದು, ಇನ್ನೊಂದು ತುದಿಯನ್ನು ಪಡಸಾಲೆಯ ಆಚೆ ನಿಂತ ನನ್ನ ಕೈಗೆ ಕೊಟ್ಟು, ಹುರಿಮಾಡಿ ಸುತ್ತಿಕೊಳ್ಳುತ್ತ ಅವರು ನನ್ನ ಹತ್ತಿರ ಹತ್ತಿರಕ್ಕೆ ಬರುತ್ತಿದ್ದರು. ಬಾಲ್ಯದಲ್ಲಿ ದಿನವೂ ಆ ತುದಿಯನ್ನು ಹಿಡಿದು ನಿಂತವನು ನಾನು. ಆಮೇಲೆ ಪಾಠಶಾಲೆಗೆ ಹೋದೆನು. ಉಷ್ಣೀಷ ಶಬ್ದದ ವ್ಯುತ್ಪತ್ತಿಯನ್ನು ಕಲಿತೆನು. ಉಷ್ಣೀಷವನ್ನು ಕಟ್ಟುವುದನ್ನು ಕಲಿಯಲಿಲ್ಲ. ತಂದೆಯವರು ತೀರಿಹೋಗಿ ಇಪ್ಪತ್ತು ವರ್ಷವಾಯಿತು. ಆ ರುಮಾಲು ಪೆಟ್ಟಿಗೆಯ ತಳದಲ್ಲಿ ಮಡಿಸಿದ ಹಾಗೆಯೇ ಇತ್ತು.

ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಹೊರಟುಹೋಗುವುದೆಂಬ ಮಾತು ನಮ್ಮ ಕಡೆ ಅಕ್ಷರಶಃ ಸತ್ಯ. ಮರು ಭಾನುವಾರ ಕುಮಾರಸ್ವಾಮಿ ಬೆಟ್ಟದ ಬದಿಯಲ್ಲಿ ಒಂದು ವೀರಗಲ್ಲು ಇದೆಯೆಂದು ನಾನೇ ಎಲ್ಲರನ್ನೂ ಹೊರಡಿಸಿದೆನು. ಹಿಂದಿನ ರಾತ್ರಿ ಬಾಗಿಲು ಹಾಕಿಕೊಂಡು ನಾಲ್ಕು ಸಲ ರುಮಾಲು ಸುತ್ತಿ ನಾಲ್ಕು ಸಲವೂ ಅದು ಕತ್ತಿಗೆ ಬಿದ್ದಿದ್ದುದರಿಂದ, ಬೆಳಗ್ಗೆ ಬರಿದಲೆಯಲ್ಲಿಯೇ ಹೋಗಿ, “ಮಡಿ ಮಾಡಲು ಹಾಕಿದ್ದೇನೆ” ಎಂದು ಸುಳ್ಳು ಹೇಳಿದೆನು. ಮೇಸ್ತ್ರಿಗಳೂ ಬರಿದಲೆಯಲ್ಲಿ ಬಂದಿದ್ದರು. ಟೋಪಿ ಎಲ್ಲಿ ಎಂದು ಕಾಂಪೌಂಡರು ಕೇಳಿದಾಗ, “ಮೇಷ್ಟ್ರಿಗೆ ಸರಿಬೀಳದು” ಎಂದು ಅವರು ಹೇಳಿದ್ದನ್ನು ನಾನು ಕೇಳಿಸಿಕೊಂಡೆನು, ಕೇಳಿಸದವನಂತೆ ನಡೆದೆನು.

ಹನ್ನೊಂದು ಗಂಟೆಯ ಹೊತ್ತಿಗೆ ಕಲ್ಲು ಕಾದು ಹೆಂಚಾಯಿತು. ವೀರಗಲ್ಲು ಸಿಕ್ಕಲಿಲ್ಲ. ‘ಇನ್ನೊಂದು ತಿರುವು, ಇನ್ನೊಂದು ತಿರುವು’ ಎಂದು ನಾನು ಮುಂದಕ್ಕೆ ಎಳೆದುಕೊಂಡು ಹೋದೆನು. ಮೇಸ್ತ್ರಿಗಳ ಮಾತು ನಿಂತಿತು, ಆಮೇಲೆ ತೊದಲಿತು. ನಾನು ತಿರುಗಿ ನೋಡುವಷ್ಟರಲ್ಲಿ ಅವರು ಒಂದು ಬಂಡೆಗೆ ಒರಗಿ ಹಾಗೆಯೇ ಕುಸಿದರು. ಮೈ ಮುಟ್ಟಿದರೆ ಕೆಂಡ. ಬೆವರಿನ ಹನಿಯೂ ಇಲ್ಲ. ನನ್ನನ್ನು ನೋಡಿ ತಮ್ಮ ತೀರಿಹೋದ ಅಣ್ಣನ ಹೆಸರಿನಿಂದ ಕರೆದರು.

ಕಾಂಪೌಂಡರು ಇದ್ದುದು ದೈವಕೃಪೆ. ಕೆಳಗೆ ಕುರಿ ಮೇಯಿಸುತ್ತಿದ್ದ ಒಬ್ಬ ವೃದ್ಧನು ನಮ್ಮ ಕೂಗನ್ನು ಕೇಳಿ ಓಡಿಬಂದನು. ಬಂದವನು ಏನನ್ನೂ ಕೇಳಲಿಲ್ಲ. ತನ್ನ ತಲೆಯ ರುಮಾಲನ್ನು ಒಂದೇ ಸಲಕ್ಕೆ ಬಿಚ್ಚಿ, ನಮ್ಮಲ್ಲಿದ್ದ ನೀರಿನಲ್ಲಿ ಅದ್ದಿ, ಅರ್ಧವನ್ನು ಮೇಸ್ತ್ರಿಗಳ ತಲೆ ಕತ್ತುಗಳಿಗೆ ಸುತ್ತಿ, ಉಳಿದರ್ಧವನ್ನು ಎದೆಯ ಮೇಲೆ ಹರಡಿದನು. ತನ್ನ ಕಂಬಳಿಯನ್ನು ಎರಡು ಗಿಡಗಳಿಗೆ ಕಟ್ಟಿ ನೆರಳುಮಾಡಿದನು. ಕಾಂಪೌಂಡರು ಬೀಸುತ್ತಲೇ ಇದ್ದರು. ಬಿಸಿಲು ಬಡಿಯುವುದೆಂದರೆ ಕಿರಣವು ಬುರುಡೆಯನ್ನು ಭೇದಿಸುವುದಲ್ಲ. ಮೈ ತನ್ನ ಕಾವನ್ನು ಹೊರಕ್ಕೆ ಹಾಕಲಾರದೆ ಸೋಲುವುದು. ಒದ್ದೆಯ ಅರಿವೆಯಿಂದ ಆರಿಹೋಗುವ ನೀರೇ ಆಗ ಆ ಕಾವನ್ನು ಹೊತ್ತುಕೊಂಡು ಹೋಗತಕ್ಕುದು. ಇದನ್ನು ಕಾಂಪೌಂಡರು ಆಮೇಲೆ ನನಗೆ ಬಿಡಿಸಿ ಹೇಳಿದರು. ಉಷ್ಣವನ್ನು ಪರಿಹರಿಸುವುದೆಂಬ ಅರ್ಥವನ್ನು ನಲವತ್ತು ವರ್ಷ ಹೇಳಿಕೊಂಡು ಬಂದಿದ್ದ ನಾನು, ಆ ಅರ್ಥವು ನಡೆಯುತ್ತಿದ್ದುದನ್ನು ಕಣ್ಣಾರೆ ಕಂಡುದು ಅಂದೇ. ಅದೂ ಕೈಕಟ್ಟಿ ನಿಂತು.

ಅವರನ್ನು ಹೊತ್ತು ಇಳಿಸಿ ಆಸ್ಪತ್ರೆಗೆ ಸೇರಿಸಿದೆವು. ಮೂರು ದಿನದಲ್ಲಿ ಚೇತರಿಸಿಕೊಂಡರು. ಆ ಮೂರು ರಾತ್ರಿಗಳನ್ನು ನಾನು ಹೇಗೆ ಕಳೆದೆನೆಂಬುದನ್ನು ಬರೆಯುವುದಿಲ್ಲ. ನಾಲ್ಕನೆಯ ದಿನ ಅವರ ಮಂಚದ ಬಳಿ ಕುಳಿತು ರುಮಾಲಿನ ಸುಳ್ಳನ್ನು ಒಪ್ಪಿಕೊಂಡೆನು. ಅವರು ನಕ್ಕು, “ಊರೆಲ್ಲ ಒಬ್ಬರಿಗೊಬ್ಬರು ಟೋಪಿ ಹಾಕುತ್ತಾರೆ, ನೀವು ರುಮಾಲು ಹಾಕಿದಿರಿ, ಅಷ್ಟೇ” ಎಂದರು. ಆ ನಗೆಯಲ್ಲಿ ಬೇಸರವಿದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಕುರಿಯವನ ರುಮಾಲನ್ನು ಒಗೆಸಿ, ಅವನನ್ನು ಹುಡುಕಿಕೊಂಡು ಹೋಗಿ ಕೊಟ್ಟೆನು. ಹಣವನ್ನು ಮುಟ್ಟಲಿಲ್ಲ. ರುಮಾಲು ಕಟ್ಟುವುದನ್ನು ಹೇಳಿಕೊಡು ಎಂದು ಕೇಳಿದಾಗ, “ಸಾಲಿ ಮೇಷ್ಟ್ರು ನೀವು, ನಿಮಗ ಬರಂಗಿಲ್ಲೇನ್ರಿ?” ಎಂದು ನಿಜವಾಗಿಯೂ ಆಶ್ಚರ್ಯಪಟ್ಟನು. ಆಮೇಲೆ ಒಂದು ಬಂಡೆಯ ಮೇಲೆ ನನ್ನನ್ನು ಕೂರಿಸಿ ಕಲಿಸಿದನು. ಮೊದಲ ಸುತ್ತು ಬಿಗಿಯಾಗಿರಬೇಕು, ಮಿಕ್ಕವು ಅದರ ಮೇಲೆ ಕುಳಿತುಕೊಳ್ಳಬೇಕು. ತುದಿಯನ್ನು ಸಿಕ್ಕಿಸುವುದು ಬಲವಂತದಿಂದಲ್ಲ. ಒಂದಕ್ಷರವನ್ನು ಕಲಿಸಿದವನೂ ಗುರುವೆಂದು ಬಲ್ಲ ನಾನು ಎದ್ದು ಕೈಮುಗಿದೆನು. ಅವನಿಗೆ ಅದು ಹುಚ್ಚಾಗಿ ಕಂಡಿರಬೇಕು.

ಈಗ ನಮ್ಮ ಕೂಟದ ನಿರ್ಣಯವೇನೆಂದು ವಾಚಕರು ಕೇಳಬಹುದು. ಅವರವರ ತಲೆಗೆ ಹೊಂದಿದ್ದನ್ನು ಅವರವರು ಧರಿಸತಕ್ಕದ್ದು. ಆದರೆ ಯಾರೂ ಬರಿದಲೆಯಲ್ಲಿ ಹೊರಡಕೂಡದು. ಹತ್ತು ಗಂಟೆಯ ಮೇಲೆ ಯಾರೂ ಏರಕೂಡದು. ತಲೆಗೆ ಎರಡು ಸೇರಿನಂತೆ ನೀರು ಇರಲೇಬೇಕು. ಬೆಂಡಿನ ಟೋಪಿಯ ಗುಣವನ್ನು ನಾನು ಈಗ ಮುಚ್ಚುಮರೆಯಿಲ್ಲದೆ ಒಪ್ಪುತ್ತೇನೆ. ಕಣ್ಣಿಗೆ ಅದು ಕೊಡುವ ನೆರಳನ್ನು ರುಮಾಲು ಕೊಡಲಾರದು. ಮಳೆಯಲ್ಲಿ ನೆನೆದರೆ ಕೆಡುತ್ತದೆ, ಗಾಳಿ ಬಂದರೆ ಹಾರುತ್ತದೆ ಎಂಬ ದೋಷಗಳೂ ಅದಕ್ಕುಂಟು. ರುಮಾಲು ಹಾರದು, ನೆನೆದಷ್ಟೂ ತಂಪು, ಹಗ್ಗವಾಗಬಲ್ಲುದು, ಜೋಳಿಗೆಯಾಗಬಲ್ಲುದು, ಒಮ್ಮೆ ಪ್ರಾಣವನ್ನೂ ಉಳಿಸಬಲ್ಲುದು.

ಹೊರಡುವ ಭಾನುವಾರ ಮುಂಜಾನೆ ಮೇಸ್ತ್ರಿಗಳು ತಮ್ಮ ಕಲೆಕ್ಟರ ಟೋಪಿಯನ್ನು ಧರಿಸಿಕೊಂಡೇ ನಮ್ಮ ಮನೆಗೆ ಬರುತ್ತಾರೆ. ಹನ್ನೆರಡು ಮೊಳದ ರುಮಾಲಿಗೆ ಇನ್ನೊಂದು ಕೈ ಬೇಕು, ಮಗನು ಬೆಂಗಳೂರಿನಲ್ಲಿದ್ದಾನೆ. ಮೇಸ್ತ್ರಿಗಳು ಪಡಸಾಲೆಯ ಆಚೆ ನಿಂತು ಆ ತುದಿಯನ್ನು ಹಿಡಿಯುತ್ತಾರೆ. ನಾನು ಸುತ್ತಿಕೊಳ್ಳುತ್ತ ಹತ್ತಿರ ಹತ್ತಿರಕ್ಕೆ ಹೋಗುತ್ತೇನೆ. “ಬಿಗಿಯಾಗಿ ಹಿಡಿದಿದ್ದೇನೆ, ಬನ್ನಿ ಮೇಷ್ಟ್ರೇ” ಎನ್ನುತ್ತಾರೆ ಅವರು. ಮನೆಯಾಕೆಯು ಬುತ್ತಿಯ ಗಂಟನ್ನು ತಂದಿಟ್ಟು ನಮ್ಮಿಬ್ಬರನ್ನೂ ನೋಡಿ ಒಳಗೆ ಹೋಗುತ್ತಾಳೆ. ಈಗ ಏನನ್ನೂ ಅನ್ನುವುದಿಲ್ಲ.