ಮೈಯ ಲೆಕ್ಕ

ದಪ್ಪ ಮೈಯವನು ತಿಂದುದನ್ನು ಊರೇ ಎಣಿಸುತ್ತದೆ. ಸಣಕಲನು ತಿಂದುದಕ್ಕೆ ಲೆಕ್ಕವಿಡುವವರಿಲ್ಲ. ನಾನು ಮೊದಲನೆಯ ವರ್ಗಕ್ಕೆ ಸೇರಿದವನು. ಪಂಕ್ತಿಯಲ್ಲಿ ಎರಡನೆಯ ಹೋಳಿಗೆಗೆ ಕೈ ಅಡ್ಡ ಹಿಡಿದರೂ, ಮನೆಯಲ್ಲಿಯೇ ಮುಗಿಸಿ ಬಂದಿರಬೇಕೆಂದು ನಗುವವರುಂಟು. ಪಕ್ಕದ ಎಲೆಯಲ್ಲಿ ನಮ್ಮಣ್ಣ ನಾಲ್ಕನ್ನು ತುಪ್ಪದೊಡನೆ ಮುಗಿಸಿ, ಕಡ್ಡಿಯಂತೆಯೇ ಎದ್ದು ಕೈತೊಳೆಯುತ್ತಾನೆ.

ಹಿರಿಯರು ಇದನ್ನು ಜಠರಾಗ್ನಿಯ ಭೇದವೆಂದರು. ವಿಜ್ಞಾನವೂ ಒಲೆಯ ಮಾತನ್ನೇ ಆಡುತ್ತದೆ. ಮಲಗಿದ್ದಾಗಲೂ ದೇಹವು ಉಸಿರಾಟಕ್ಕೆ, ರಕ್ತಚಲನೆಗೆ, ಕಾವಿಗೆ ಉಂಡ ಅನ್ನವನ್ನು ಉರಿಸುತ್ತಲೇ ಇರುತ್ತದೆ. ಆ ಉರಿಯ ಪ್ರಮಾಣವು ಮೈಯಿಂದ ಮೈಗೆ ಬೇರೆ. ಕೆನಡಾ ದೇಶದ ಕ್ಲೋಡ್ ಬೂಶಾರ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 1990ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. 12 ಜೋಡಿ ತದ್ರೂಪಿ ಅವಳಿ ಯುವಕರಿಗೆ 84 ದಿನ, ದಿನಕ್ಕೆ 1,000 ಕ್ಯಾಲೊರಿಯಷ್ಟು ಹೆಚ್ಚಾಗಿ ಉಣಿಸಿದ್ದರು. ಒಬ್ಬನ ತೂಕ 4.3 ಕಿಲೋಗ್ರಾಂ ಮಾತ್ರ ಏರಿತು, ಇನ್ನೊಬ್ಬನದು 13.3. ಜೊತೆಗೆ ಹುಟ್ಟಿದವರ ಏರಿಕೆ ಮಾತ್ರ ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತಿತ್ತು.

ಮೈದುಂಬಿದ ಹೆಣ್ಣುಮಕ್ಕಳು ನೆಂಟರ ನಗೆಗೆ ಅಂಜಿ ಅರೆಹೊಟ್ಟೆಯಲ್ಲಿ ಏಳುವುದನ್ನು ನಮ್ಮ ಮನೆಗಳಲ್ಲಿ ಕಂಡಿದ್ದೇನೆ. ಉಣ್ಣುವ ನಾಲಗೆಗೆ ಲಗಾಮು ಬೇಕು, ನಿಜ. ಮೈಯನ್ನು ನೋಡಿ ಶೀಲವನ್ನು ತೂಗುವ ನಾಲಗೆಗೆ ಅದು ಇನ್ನೂ ಹೆಚ್ಚಾಗಿ ಬೇಕು.